ಶಿಶುವಿಹಾರದ ವ್ಯಾನಿನಲ್ಲಿ ಇನ್ಸಾಫ್

ಬೆಳಗಿನ ಚಹಾ ಆರುವ ಮೊದಲೇ ಇನ್ಸಾಫಳ ಸೊಂಟ ನೋಯಲು ಶುರುವಾಗುತ್ತಿತ್ತು. ಇನ್ನೂ ಒಂದು ಮಗುವನ್ನೂ ಎತ್ತಿರುತ್ತಿರಲಿಲ್ಲ. ಎತ್ತಬೇಕಲ್ಲ ಎಂಬ ನೆನಪಿಗೇ ನೋವು ಬರುತ್ತಿತ್ತು.

ಅಮ್ಮಾನಿನ ಜಬಲ್ ತಾಜ್ ಗುಡ್ಡದ ಮೇಲೆ ಮಿಸ್ ರೂಲಾ ನಡೆಸುತ್ತಿದ್ದ ಶಿಶುವಿಹಾರವೊಂದಿತ್ತು. ಅದರ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ, ಕೂರಿಸಿ, ಇಳಿಸುವುದು ಇನ್ಸಾಫಳ ಕೆಲಸ. ಮೊದಲು ದುಡಿಯುತ್ತಿದ್ದ ಕಾಲುಚೀಲದ ಕಾರ್ಖಾನೆ ಬಾಗಿಲು ಹಾಕಿದಾಗ ನಾಲ್ಕು ದಿನಕ್ಕೆಂದು ಸೇರಿದವಳು ಅಲ್ಲೇ ಮುದುಕಿಯಾಗುತ್ತಾ ಬಂದಿದ್ದಳು. ಮದುವೆಯಾಗಿರಲಿಲ್ಲ. ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳುವುದರಲ್ಲಿ ಆ ವಯಸ್ಸು ದಾಟಿಹೋಗಿತ್ತು. ಈಗ ತೀರಿಹೋದ ಅಣ್ಣನ ಹೆಂಡತಿ ನಝೀಹಾಳ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಸ್ವಂತ ಮಕ್ಕಳಿಲ್ಲದ ಅವಳನ್ನು ಆ ಗುಡ್ಡದ ಅರ್ಧ ಮಕ್ಕಳು 'ಖಾಲ್ತೋ' ಎಂದು ಕೂಗುತ್ತಿದ್ದರು, ಚಿಕ್ಕಮ್ಮ ಎಂದು. ಮೊದಮೊದಲು ಅವಳ ವ್ಯಾನಿನಲ್ಲಿ ಓಡಾಡಿದ್ದ ದೀಮಾ ಎಂಬ ಹುಡುಗಿ ಬೆಳೆದು, ಮದುವೆಯಾಗಿ, ಈಗ ತನ್ನ ಮಗ ಕರಮ್‌ನನ್ನು ಅದೇ ಬಾಗಿಲಿಗೆ ತಂದು ಬಿಡುತ್ತಿದ್ದಳು.

ದೀಮಾಳ ಮೇಲ್ದುಟಿಯ ಮೇಲೆ ಸಣ್ಣದೊಂದು ಗಾಯದ ಗುರುತಿತ್ತು. ಅದು ಇನ್ಸಾಫಳಿಗೆ ಚೆನ್ನಾಗಿ ಗೊತ್ತು. ಹಳೆಯ ವ್ಯಾನಿನಲ್ಲಿ ಬೆಲ್ಟೂ ಇರಲಿಲ್ಲ, ಸರಿಯಾದ ಸೀಟೂ ಇರಲಿಲ್ಲ. ಉದ್ದದ ಬೆಂಚುಗಳ ಮೇಲೆ ಮಕ್ಕಳನ್ನು ಒತ್ತೊತ್ತಾಗಿ ತುಂಬುತ್ತಿದ್ದರು. ಮಿಕ್ಕವರು ಇನ್ಸಾಫಳ ತೊಡೆಯ ಮೇಲೆ. ಎರಡೂ ತೋಳು ಬಳಸಿ ಗಟ್ಟಿಯಾಗಿ ಹಿಡಿದಿದ್ದೇನೆ ಎಂದೇ ಅವಳು ನಂಬಿದ್ದಳು. ಒಂದು ದಿನ ಬೆಕ್ಕೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ. ಮೂರು ವರ್ಷದ ದೀಮಾ ಒದ್ದೆ ಸಾಬೂನಿನ ಹಾಗೆ ಆ ತೋಳುಗಳಿಂದ ಜಾರಿ ಮುಂದಿನ ಕಬ್ಬಿಣದ ಸರಳಿಗೆ ಬಡಿದಳು. ತುಟಿ ಸೀಳಿತು. ಮನುಷ್ಯರ ತೋಳಿಗೆ ಆ ಶಕ್ತಿಯಿಲ್ಲ ಎಂದು ಇನ್ಸಾಫ್ ಅಂದು ತಿಳಿದುಕೊಂಡಳು.

ಮುಂದೆ ಬೆಲ್ಟುಗಳಿದ್ದ ವ್ಯಾನು ಬಂತು. ಆದರೆ ಆ ಬೆಲ್ಟುಗಳು ದೊಡ್ಡವರ ಅಳತೆಯವು, ಮಕ್ಕಳ ಕುತ್ತಿಗೆಗೇ ಬರುತ್ತಿದ್ದವು. ಇನ್ಸಾಫ್ ಮಿಸ್ ರೂಲಾಳ ಬೆನ್ನು ಬಿಡದೆ, ಬೈಸಿಕೊಂಡು, ಮುನಿಸಿಕೊಂಡು, ಅಂತೂ ಮಕ್ಕಳ ಸೀಟುಗಳನ್ನು ಒಂದೊಂದಾಗಿ ತರಿಸಿದಳು. ಕೆಲವು ಹೊಸವು. ಉಳಿದವು ಮಕ್ಕಳು ಬೆಳೆದ ಮನೆಗಳಿಂದ ಕೇಳಿ ತಂದವು. ಅಲ್ಲಿಂದ ಅವಳ ಕಷ್ಟ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಪ್ರತಿ ಮನೆಯ ಮುಂದೆ ಇಳಿಯಬೇಕು, ಮಗುವನ್ನು ಎತ್ತಬೇಕು. ಚಳಿಗಾಲದಲ್ಲಿ ಹತ್ತಿ ತುಂಬಿದ ದಪ್ಪ ಜಾಕೆಟ್ಟನ್ನು ಮೊದಲು ಬಿಚ್ಚಬೇಕು, ಅದರ ಮೇಲೆ ಕಟ್ಟಿದ ಬೆಲ್ಟು ಬಿಗಿಯಾಗಿ ಕಂಡರೂ ಒಳಗೆ ಸಡಿಲವಾಗಿಯೇ ಇರುತ್ತದೆ. ಬೆಲ್ಟು ಹಾಕಿ ಎಳೆದು ನೋಡಿ, ಜಾಕೆಟ್ಟನ್ನು ಹೊದಿಕೆಯ ಹಾಗೆ ಮೇಲೆ ಹೊದಿಸಬೇಕು. ಇಳಿಸುವಾಗ ಇಷ್ಟೂ ತಿರುಗುಮುರುಗು.

"ಏನು ಹಜ್ಜೆ, ಮಕ್ಕಳನ್ನ ಕೂರಿಸ್ತಿದೀಯೋ, ಮದುವಣಗಿತ್ತಿ ಸಿಂಗಾರ ಮಾಡ್ತಿದೀಯೋ?" ಎಂದು ಡ್ರೈವರ್ ಅಬೂ ನಾಯೆಫ್ ಮುಂದಿನಿಂದ ಕೂಗುತ್ತಿದ್ದ. "ಹಿಂದೆ ನೋಡು, ಇಡೀ ಅಮ್ಮಾನ್ ಹಾರ್ನ್ ಹೊಡೀತಿದೆ."

"ಹೊಡೀಲಿ ಬಿಡು. ಮತ್ತೆ ನನ್ನ ಹಜ್ಜೆ ಅನ್ನಬೇಡ, ನಾನಿನ್ನೂ ಹಜ್‌ಗೆ ಹೋಗಿಲ್ಲ."

"ನೀನು ಈ ಸ್ಪೀಡಲ್ಲಿ ಹೊರಟ್ರೆ ಹೋಗೋದೂ ಇಲ್ಲ."

ಅಬೂ ನಾಯೆಫ್ ಕೆಟ್ಟವನಲ್ಲ. ಮೊದಲು ತರಕಾರಿ ಲಾರಿ ಓಡಿಸುತ್ತಿದ್ದವನು. ಟೊಮೇಟೊ ಎಂದೂ ಅಳುವುದಿಲ್ಲ, ಕಚ್ಚುವುದಿಲ್ಲ, ಉಚ್ಚೆ ಬಂತು ಅನ್ನುವುದಿಲ್ಲ ಎಂದು ಗೊಣಗುತ್ತಿದ್ದ. ತಾಯಂದಿರೂ ಗೊಣಗುತ್ತಿದ್ದರು. ಮಗು ಇಷ್ಟು ಬೇಗ ಯಾಕೆ ಮನೆಯಿಂದ ಹೊರಡಬೇಕು, ಇಷ್ಟು ತಡವಾಗಿ ಯಾಕೆ ಬರಬೇಕು ಎಂದು ಮಿಸ್ ರೂಲಾಳಿಗೆ ಫೋನು ಮಾಡುತ್ತಿದ್ದರು. ಮಿಸ್ ರೂಲಾ ಇನ್ಸಾಫಳನ್ನು ಕರೆದು, "ಸ್ವಲ್ಪ ಬೇಗ ಬೇಗ ಮಾಡಿ ಸಿತ್ ಇನ್ಸಾಫ್" ಎಂದು ಗೌರವದಿಂದಲೇ ಅನ್ನುತ್ತಿದ್ದಳು. "ಆಯ್ತು ಮಿಸ್" ಎಂದು ಬಂದು ಇನ್ಸಾಫ್ ಮಾರನೆಯ ದಿನವೂ ಅಷ್ಟೇ ನಿಧಾನವಾಗಿ ಬೆಲ್ಟು ಹಾಕುತ್ತಿದ್ದಳು. ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಮಂಜು ಬೆರೆತ ಮಳೆ ಹನಿಯುತ್ತಿತ್ತು. ಇನ್ಸಾಫಳಿಗೆ ಹಿಂದಿನ ದಿನದಿಂದ ಜ್ವರ. "ಇವತ್ತೊಂದು ದಿನ ಮಲಗು ಮಾರಾಯ್ತಿ, ನೀನು ಹೋಗದಿದ್ರೆ ಮಕ್ಕಳು ಓದು ಮರೆತುಬಿಡ್ತಾವಾ?" ಎಂದು ನಝೀಹಾ ಒಲೆಯ ಮುಂದೆ ಕೂತು ಅಡ್ಡಿ ಮಾಡಿದಳು. "ಅವಕ್ಕೆ ಬೆಲ್ಟು ಯಾರು ಹಾಕ್ತಾರೆ?" ಎಂದು ಇನ್ಸಾಫ್ ತಲೆಗೆ ಉಣ್ಣೆಯ ಶಾಲು ಬಿಗಿದುಕೊಂಡು ಹೊರಟಳು.

ದೀಮಾಳ ಮನೆಗೆ ಬರುವಷ್ಟರಲ್ಲಿ ವ್ಯಾನು ತುಂಬಿತ್ತು. ಉಳಿದಿದ್ದದ್ದು ಕರಮ್‌ನ ಜಾಗ, ಮತ್ತೆ ಬಾಗಿಲ ಪಕ್ಕದ ಇನ್ಸಾಫಳ ಸೀಟು. ದೀಮಾ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕರಮ್, ಇನ್ನೊಂದು ಕೈಯಲ್ಲಿ ಅವನಿಗಿಂತ ಚಿಕ್ಕವನೊಬ್ಬ, ಮೂಗು ಸುರಿಸುತ್ತಿದ್ದ.

"ಖಾಲ್ತೋ, ಇವನು ನನ್ನ ತಂಗಿ ಮಗ ಯಮಾನ್. ಅವಳಿಗೆ ನಿನ್ನೆ ಹೆರಿಗೆ ಆಯ್ತು. ನಾನೀಗ ಆಸ್ಪತ್ರೆಗೆ ಓಡಬೇಕು. ಇವತ್ತೊಂದಿನ ಇವನನ್ನೂ ಕರ್ಕೊಂಡು ಹೋಗು. ಮಿಸ್ ರೂಲಾಗೆ ಹೇಳಿದೀನಿ."

"ಮಬ್ರೂಕ್, ಒಳ್ಳೇದಾಗಲಿ. ಆದ್ರೆ ಸೀಟು ಎಲ್ಲಿದೆ ಮಗಳೇ?"

"ಸೀಟ್ಯಾಕೆ? ಇಷ್ಟೇ ಇಷ್ಟು ಇದಾನೆ. ತೊಡೆ ಮೇಲೆ ಕೂರಿಸ್ಕೋ."

"ತೊಡೆ ಮೇಲೆ ನಾನು ಯಾರನ್ನೂ ಕೂರಿಸಲ್ಲ. ಅದು ನಿನಗೂ ಗೊತ್ತು."

"ಅಯ್ಯೋ ಖಾಲ್ತೋ, ನಾವೆಲ್ಲ ನಿನ್ನ ತೊಡೆ ಮೇಲೆ ಕೂತೇ ಬೆಳೆದವರಲ್ವಾ? ನಂಗೇನಾಯ್ತು? ಚೆನ್ನಾಗೇ ಇದೀನಲ್ಲ?"

ಹಾಗೆ ಹೇಳಿ ದೀಮಾ ನಕ್ಕಳು. ನಗುವಾಗ ಆ ಗುರುತು ತುಟಿಯ ಮೇಲೆ ಸೆಟೆದುಕೊಂಡಿತು. ಅವಳಿಗೆ ಆ ದಿನದ ನೆನಪಿಲ್ಲ. ಇನ್ಸಾಫ್ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಗಂಟಲು ಉರಿಯುತ್ತಿತ್ತು, ಹಿಂದೆ ಕಾರುಗಳು ಕೂಗುತ್ತಿದ್ದವು, ದೀಮಾಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. "ಯಲ್ಲಾ ಹಜ್ಜೆ, ಮದುವೆ ಮಾತುಕತೆ ಆಮೇಲೆ!" ಎಂದು ಅಬೂ ನಾಯೆಫ್ ಸ್ಟೇರಿಂಗ್ ಬಡಿದ.

ಆಗುವುದಿಲ್ಲ ಎಂದು ಬಾಗಿಲು ಎಳೆದುಕೊಂಡಿದ್ದರೆ ಆಗುತ್ತಿತ್ತು. ಅದಕ್ಕೆ ಬೇಕಾದ ಜಗಳ ಮಾಡಲು ಅಂದು ಅವಳಿಗೆ ಆಗಲಿಲ್ಲ. ವ್ಯಾನಿನಲ್ಲಿದ್ದವರಲ್ಲಿ ಎಲ್ಲರಿಗಿಂತ ದೊಡ್ಡ ಹುಡುಗನನ್ನು ಎಬ್ಬಿಸಿ ತನ್ನ ಸೀಟಿನಲ್ಲಿ ಕೂರಿಸಿ, ಬೆಲ್ಟು ಅವನ ಭುಜದ ಮೇಲೇ ಬರುವಂತೆ ಸರಿಪಡಿಸಿದಳು. ಅವನು ಬಿಟ್ಟ ಮಕ್ಕಳ ಸೀಟಿನಲ್ಲಿ ಯಮಾನ್‌ನನ್ನು ಇಟ್ಟು, ಜಾಕೆಟ್ ಬಿಚ್ಚಿ, ಕಟ್ಟಿ, ಎಳೆದು ನೋಡಿದಳು. ಕರಮ್ ಎಂದಿನಂತೆ ಅವಳ ಕೈ ಕಚ್ಚಲು ಬಂದ. ಅವನನ್ನೂ ಕಟ್ಟಿದಳು. ತಾನು ಸೀಟುಗಳ ನಡುವಿನ ಜಾಗದಲ್ಲಿ ಒಂದು ಕಂಬಿ ಹಿಡಿದು ನಿಂತಳು.

"ನೀನು ನಿಂತೇ ಬರ್ತೀಯಾ?" ಎಂದು ಅಬೂ ನಾಯೆಫ್ ಕನ್ನಡಿಯಲ್ಲಿ ನೋಡಿ ಕೇಳಿದ.

"ಇನ್ನೇನು ನಿನ್ನ ತೊಡೆ ಮೇಲೆ ಕೂರಲಾ? ನಿಧಾನವಾಗಿ ಹೋಗು, ಸಾಕು."

ಅವನು ನಿಧಾನವಾಗಿಯೇ ಹೋದ. ಇಳಿಜಾರಿನ ಕೊನೆಯ ತಿರುವಿನಲ್ಲಿ ಗ್ಯಾಸ್ ಸಿಲಿಂಡರ್ ಮಾರುವ ಪಿಕಪ್ ಗಾಡಿ, ದಿನದ ಹಾಗೇ ಗಿರಾಕಿಗಳನ್ನು ಕರೆಯುವ ತನ್ನ ರಾಗ ನುಡಿಸುತ್ತಾ, ಓಣಿಯಿಂದ ಹಿಮ್ಮುಖವಾಗಿ ಬಂದು ರಸ್ತೆಗೆ ಅಡ್ಡವಾಯಿತು. ಅಬೂ ನಾಯೆಫ್ ಬ್ರೇಕ್ ತುಳಿದ. ಒದ್ದೆ ರಸ್ತೆಯಲ್ಲಿ ಚಕ್ರ ನಿಲ್ಲಲಿಲ್ಲ. ಸಿಲಿಂಡರುಗಳ ಗಾಡಿಗೆ ಗುದ್ದುವ ಬದಲು ಅವನು ಸ್ಟೇರಿಂಗ್ ತಿರುಗಿಸಿ ವ್ಯಾನನ್ನು ಮನೆಯೊಂದರ ಕಲ್ಲಿನ ಗೋಡೆಗೆ ನುಗ್ಗಿಸಿದ.

ಸದ್ದು ಭಾರಿಯಾಗೇನೂ ಇರಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಮುಂದಕ್ಕೆ ಜಗ್ಗಿ, ಬೆಲ್ಟು ಹಿಡಿದೆಳೆದು, ಒಟ್ಟಿಗೆ ಹಿಂದಕ್ಕೆ ಕೂತರು. ಆಮೇಲೆ ಎಲ್ಲರೂ ಒಮ್ಮೆಲೇ ಅಳಲು ಶುರುಮಾಡಿದರು. ಝಾತರ್ ಪುಡಿ ಹಚ್ಚಿದ ರೊಟ್ಟಿಯ ಚೂರುಗಳು, ನೀರಿನ ಬಾಟಲಿಗಳು, ಟೋಪಿಗಳು ಎಲ್ಲ ಮುಂದಕ್ಕೆ ಹಾರಿ ಬಿದ್ದಿದ್ದವು. ಅವುಗಳ ನಡುವೆ, ಡ್ರೈವರನ ಗೇರಿನ ಪಕ್ಕ, ಇನ್ಸಾಫ್ ಬಿದ್ದಿದ್ದಳು.

"ಹಜ್ಜೆ! ಹಜ್ಜೆ! ಮಾತಾಡು!"

"ಮಕ್ಕಳನ್ನ ನೋಡು," ಎಂದಳು ಅವಳು. "ಯಾರ ಬೆಲ್ಟೂ ಬಿಚ್ಚಬೇಡ. ಹೊರಗೆ ಬಿಟ್ರೆ ರಸ್ತೆಗೆ ಓಡ್ತಾವೆ. ಮೊದಲು ದೊಡ್ಡೋರು ಯಾರಾದ್ರೂ ಬರಲಿ."

ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದೊಯ್ದು ಒಲೆಯ ಮುಂದೆ ಕೂರಿಸಿದರು. ಕೆಲವರ ಭುಜದ ಮೇಲೆ ಬೆಲ್ಟಿನ ಕೆಂಪು ಬರೆ ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಯಮಾನ್‌ಗಂತೂ ಅಳು ನಿಲ್ಲಿಸಲು ಯಾರೋ ಕೊಟ್ಟ ಬಿಸ್ಕತ್ತೇ ಸಾಕಾಯಿತು. ಇನ್ಸಾಫಳ ಬಲಭುಜದ ಕಾಲರ್ ಮೂಳೆ ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು.

ಸಂಜೆ ಆಸ್ಪತ್ರೆಗೆ ದೀಮಾ ಬಂದಳು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವಳ ತಂಗಿ ಬಾಣಂತಿಯಾಗಿದ್ದಳು. ಮಂಚದ ಪಕ್ಕ ನಿಂತು ದೀಮಾ ಬಿಕ್ಕಿ ಬಿಕ್ಕಿ ಅತ್ತಳು.

"ಖಾಲ್ತೋ, ನನ್ನಿಂದ ಆಯ್ತು. ನಿನ್ನ ಕಾಲಿಗೆ ಬೀಳ್ತೀನಿ."

ಇನ್ಸಾಫಳಿಗೆ ಸಮಾಧಾನ ಹೇಳುವ ಮನಸ್ಸಿರಲಿಲ್ಲ. ನೋವಿತ್ತು, ಸಿಟ್ಟಿತ್ತು. ಸಿಟ್ಟು ದೀಮಾಳ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ.

"ನಿನ್ನ ತುಟಿ ಮೇಲಿರೋದು ಏನು ಗೊತ್ತಾ?"

"ಗೊತ್ತು. ಚಿಕ್ಕೋಳಿದ್ದಾಗ ಬಿದ್ದಿದ್ದು."

"ಬಿದ್ದಿದ್ದಲ್ಲ. ನನ್ನ ತೊಡೆ ಮೇಲಿದ್ದೆ. ನಾನು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ. ಹಿಡ್ಕೊಂಡ ಹಾಗೇ ಜಾರಿ ಹೋಗ್ಬಿಟ್ಟೆ ನೀನು." ಇನ್ಸಾಫ್ ಕಣ್ಣು ಮುಚ್ಚಿದಳು. "ಇವತ್ತು ನಾನು ಇಲ್ಲ ಅನ್ನಬೇಕಿತ್ತು. ಸುಸ್ತಾಗಿತ್ತು, ಅನ್ನಲಿಲ್ಲ. ಹೋಗು, ತಂಗಿ ಹತ್ರ ಹೋಗು. ನನಗೆ ಸ್ವಲ್ಪ ನಿದ್ದೆ ಬೇಕು."

ದೀಮಾ ತುಟಿಯ ಮೇಲಿನ ಗುರುತನ್ನು ಬೆರಳಿನಿಂದ ಮುಟ್ಟಿಕೊಂಡಳು. ಆಮೇಲೆ ಹೊದಿಕೆ ಸರಿಮಾಡಿ ಹೋದಳು. ತಂಗಿ ಮನೆಗೆ ಹೊರಡುವ ದಿನ ಹಸುಗೂಸನ್ನು ಟ್ಯಾಕ್ಸಿಯಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಲು ಬಿಡದೆ, ಯಾರದೋ ಮನೆಯಿಂದ ಕೂಸಿನ ಸೀಟು ಎರವಲು ತಂದಳೆಂದೂ, ಅದನ್ನು ಕಟ್ಟಲು ಬಾರದೆ ಟ್ಯಾಕ್ಸಿಯವನ ಹತ್ತಿರ ಬೈಸಿಕೊಂಡಳೆಂದೂ ನಝೀಹಾ ನಂತರ ಸುದ್ದಿ ತಂದಳು.

ಇನ್ಸಾಫ್ ಚಳಿಗಾಲವಿಡೀ ಮನೆಯಲ್ಲಿದ್ದಳು. ಇಷ್ಟು ವರ್ಷ ಬಯಸಿದ್ದ ವಿಶ್ರಾಂತಿ ಸಿಕ್ಕರೂ ಮೈ ಹಗುರವಾಗಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗಿ, ಈಗ ಯಾರ ಮನೆಯ ಮುಂದಿರಬಹುದು ಎಂದು ಲೆಕ್ಕ ಹಾಕುತ್ತಾ ಮಲಗಿರುತ್ತಿದ್ದಳು. ಒಂದು ಶುಕ್ರವಾರ ಅಬೂ ನಾಯೆಫ್ ಒಂದು ಚೀಲ ಕಿತ್ತಳೆ ಹಿಡಿದು ಬಂದ.

"ನಿನ್ನ ಜಾಗಕ್ಕೆ ಒಬ್ಬಳು ಬಂದಿದಾಳೆ. ಬೆರಳೆಲ್ಲ ಫೋನ್ ಮೇಲೆ. ಬೆಲ್ಟು ಹಾಕಮ್ಮ ಅಂದ್ರೆ, ಹಾಕಿದೀನಲ್ಲ ಅಂತಾಳೆ. ನೋಡಿದ್ರೆ ಜಾಕೆಟ್ ಮೇಲೇ ಹಾಕಿರ್ತಾಳೆ."

"ಮತ್ತೆ?"

"ಮತ್ತೇನು, ನಾನೇ ಇಳಿದು ಹಾಕ್ತೀನಿ." ಅವನು ಕಿತ್ತಳೆ ಸುಲಿಯುತ್ತಾ ಬೇರೆ ಕಡೆ ನೋಡಿದ. "ಆ ಕರಮ್ ಇದಾನಲ್ಲ, ಅವನು ಮನುಷ್ಯನ ಮಗ ಅಲ್ಲ. ನೋಡಿಲ್ಲಿ, ಹಲ್ಲಿನ ಗುರುತು."

ಇನ್ಸಾಫಳಿಗೆ ನಗು ಬಂತು. ನಕ್ಕರೆ ಮೂಳೆ ನೋಯುತ್ತಿತ್ತು.

"ಮಿಸ್ ರೂಲಾ ಏನಂತಾಳೆ, ತಡ ಆಗುತ್ತೆ ಅನ್ನಲ್ವಾ?"

"ಅಂತಾಳೆ. ವ್ಯಾನು ಗೋಡೆಗೆ ಗುದ್ದಿದಾಗ ನಾನು ಹಿಂದೆ ತಿರುಗಿ ನೋಡಿದೀನಿ ಮಿಸ್, ನೀವು ನೋಡಿಲ್ಲ ಅಂದೆ. ಆಮೇಲೆ ಅವಳೇ ಸೀಟಿಗಿಂತ ಒಂದು ಮಗುವೂ ಹೆಚ್ಚು ಹತ್ತಿಸಬಾರದು ಅಂತ ಎಲ್ಲ ಮನೆಗೂ ಹೇಳಿ ಕಳಿಸಿದಾಳೆ."

ಬಾದಾಮಿ ಮರಗಳು ಹೂಬಿಟ್ಟ ಮೇಲೆ ಇನ್ಸಾಫ್ ಕೆಲಸಕ್ಕೆ ಮರಳಿದಳು. ಫೋನಿನ ಹುಡುಗಿ ಬೇರೆ ಕೆಲಸ ಹುಡುಕಿಕೊಂಡಿದ್ದಳು. ಇನ್ಸಾಫಳ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಬೆರಳಿಗೆ ಬೆಲ್ಟಿನ ಗುಂಡಿ ಒತ್ತುವ ಬಲ ಬಂದಿರಲಿಲ್ಲ. ಎಡಸಾಲಿನ ಮಕ್ಕಳನ್ನು ಅವಳು ಕಟ್ಟಿದಳು, ಬಲಸಾಲಿನವರನ್ನು ಅಬೂ ನಾಯೆಫ್ ಗೊಣಗಿಕೊಂಡು ಕಟ್ಟಿದ. ಹಿಂದಿನಿಂದ ಹಾರ್ನುಗಳು ಕೂಗಿದವು.

ಕೊನೆಯ ಮನೆಯಿಂದ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಹೆಸರು ಸೀಲೀನ್. ಸೀಟು ಕಂಡ ಕೂಡಲೇ ಬೆನ್ನು ಸೆಟೆಸಿ ಕಿರುಚಿದಳು. ಅವಳ ತಾಯಿ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಾ, "ಇದೊಂದಿನ ಬಿಟ್ಟುಬಿಡಿ ಖಾಲ್ತೋ, ಅಳ್ತಾಳೆ" ಎಂದಳು.

"ಅಳಲಿ ಮಗಳೇ, ನಮಗೇನೂ ಅವಸರ ಇಲ್ಲ," ಎಂದಳು ಇನ್ಸಾಫ್.

ಸೀಟಿನ ಮುಂದೆ ಮಂಡಿಯೂರಿ ಕೂತಳು. ಮಗು ಒದೆಯಿತು, ಅವಳ ಶಾಲು ಎಳೆಯಿತು, ಕೊನೆಗೆ ದಣಿದು ಬೆನ್ನು ಸಡಿಲಬಿಟ್ಟಿತು. ಇನ್ಸಾಫ್ ಎಡಗೈಯಿಂದ ಒಂದು ಪಟ್ಟಿ, ಮತ್ತೊಂದು ಪಟ್ಟಿ ತೋಳಿಗೆ ಏರಿಸಿ, ಗುಂಡಿಯನ್ನು ಅಂಗೈಯಲ್ಲಿ ಒತ್ತಿ ಕೂರಿಸಿದಳು. ಏಳಲು ಆಗಲಿಲ್ಲ. ಅಬೂ ನಾಯೆಫ್ ಇಳಿದು ಬಂದು ಕೈ ಕೊಟ್ಟು ಎಬ್ಬಿಸಿದ. ಅವಳು ತನ್ನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡು, ತಲೆಯನ್ನು ಕಿಟಕಿಗೆ ಆನಿಸಿದಳು. ವ್ಯಾನು ಇಳಿಜಾರಿನಲ್ಲಿ ನಿಧಾನವಾಗಿ ಇಳಿಯತೊಡಗಿತು. ಸೀಲೀನ್ ಬಿಕ್ಕುತ್ತಲೇ ನಿದ್ದೆ ಹೋಗಿದ್ದಳು.