ಕೌದಳ್ಳಿಯ ಇಲಿಗಳು

ಕೌದಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಶಿವಮಲ್ಲಪ್ಪನವರ ತೆರಿಗೆ ಲೆಕ್ಕ ಬರೆಯುವುದು ನಾನೇ. ಜಿಎಸ್‌ಟಿ ಆಡಿಟ್‌ಗೆ ಕಾಗದ ಜೋಡಿಸುವಾಗ ಬಿಸ್ಕೆಟ್ ಬಾಕ್ಸುಗಳು ತಾಳೆಯಾಗಲಿಲ್ಲ. ಕೊಂಡ ಬಿಲ್ ಇದೆ, ಮಾರಿದ ಬಿಲ್ ಇಲ್ಲ, ಅಂಗಡಿಯಲ್ಲೂ ಮಾಲಿಲ್ಲ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಅವರು ಹಂಚಿದ್ದು ಊರಿಗೇ ಗೊತ್ತು.

"ಹಾಗಂತಲೇ ಹೇಳಿಬಿಡಿ. ಇಲ್ಲದಿದ್ದರೆ ಬಿಲ್ ಹಾಕದೆ ಮಾರಿದ್ದೀರಿ ಅಂತ ದಂಡ ಹಾಕ್ತಾರೆ," ಎಂದೆ.

"ಮಾದಪ್ಪನ ಎಸ್ರಲ್ಲಿ ಕೊಟ್ಟುದ್ನ ನಾವೇ ಬಾಯ್ಬುಟ್ಟು ಏಳ್ಕಂಡ್ರೆ ಪುಣ್ಯ ಉಳಿಯಕ್ಕಿಲ್ಲ ಕಣ್ ಸಾ. ನೀವೂ ಏಳ್ಬ್ಯಾಡಿ."

ಆಡಿಟ್ ದಿನ ಅಧಿಕಾರಿ ಮೇಡಂ ಕೇಳಿಯೇ ಬಿಟ್ಟರು, ಬಾಕ್ಸುಗಳೆಲ್ಲಿ ಎಂದು.

"ಇಲಿ ತಿಂದ್ಬುಡ್ತು ಮೇಡಂ," ಎಂದರು ಶಿವಮಲ್ಲಪ್ಪ.

"ಇಷ್ಟೊಂದು ಬಾಕ್ಸನ್ನ?"

ನಾನು ನೆಲ ನೋಡಿದೆ. ಕಾಫಿ ತಂದಿದ್ದ ಅವರ ಹೆಂಡತಿಗೆ ತಡೆಯಲಾಗಲಿಲ್ಲ.

"ಆ ಇಲಿಗೋಳು ನಡ್ಕಂಡ್ ಬತ್ತವೆ ಮೇಡಂ. ಬರಿಗಾಲಲ್ಲಿ, ಬೆಟ್ಟುಕ್ಕೆ."

ಮೇಡಂ ಹೊರಗಿನ ರಸ್ತೆ ನೋಡಿದರು. ಆಮೇಲೆ 'ಉಚಿತವಾಗಿ ಕೊಟ್ಟದ್ದು' ಎಂದು ಬರೆದುಕೊಂಡರು. ಆ ಮಾಲಿನ ಮೇಲೆ ಪಡೆದಿದ್ದ ಖರೀದಿ ತೆರಿಗೆಯ ಕ್ರೆಡಿಟ್ ವಾಪಸ್ ಕಟ್ಟಬೇಕಾಯಿತು, ದಂಡ ಬೀಳಲಿಲ್ಲ. ಶಿವಮಲ್ಲಪ್ಪ ಹೆಂಡತಿಯ ಜೊತೆ ಎರಡು ದಿನ ಮಾತಾಡಲಿಲ್ಲವಂತೆ.

ಈಗ ಪ್ರತಿ ಶಿವರಾತ್ರಿ ಮುಗಿದ ಮೇಲೆ ಅವರಿಗೆ ಫೋನ್ ಮಾಡಿ, ಈ ಸಲ ಇಲಿಗಳು ಎಷ್ಟು ಬಾಕ್ಸ್ ತಿಂದವು ಎಂದಷ್ಟೇ ಕೇಳುತ್ತೇನೆ.