ಮೈಕ್ ಬೇಡ, ಲೆನ್ಸ್ ಸಾಕು

"ಅಕ್ಕಾರ, ನಿಮ್ಮ ಮನ್ಯಾಗ ಮಗ್ಗ ಅದಾವೇನ್ರಿ?"

ವಿಡಿಯೊ ಕ್ಯಾಮೆರಾ ಕೊಳ್ಳಲು ಜಮಖಂಡಿಗೆ ಹೋದವಳಿಗೆ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ ಇದು. ಬಜೆಟ್ ಎಷ್ಟು ಅನ್ನಲಿಲ್ಲ, ಯಾತಕ್ಕೆ ಅಂತಲೂ ಕೇಳಲಿಲ್ಲ. ಬನಹಟ್ಟಿಯಿಂದ ಬಂದೆ ಅಂದಿದ್ದೆ, ಅಷ್ಟೇ.

"ಅದಾವ್ರಿ, ಪವರ್‌ಲೂಮು" ಅಂದೆ.

ಮುಂದೆ ಎರಡು ಕ್ಯಾಮೆರಾ ಇದ್ದವು. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರ ಮೈಕ್ ಭಾರಿ, ಪಿಸುಮಾತನ್ನೂ ಬಿಡುವುದಿಲ್ಲವಂತೆ. ಇನ್ನೊಂದರ ಲೆನ್ಸ್ ಭಾರಿ, ದೂರ ನಿಂತವರ ಹುಬ್ಬಿನ ಕೂದಲೂ ಕಾಣುತ್ತವಂತೆ.

"ಮಗ್ಗದ ಸಪ್ಪಳದಾಗ ಯಾವ ಮೈಕ್ ಏನ್ ಮಾಡೀತ್ರಿ? ಸುಮ್ನ ಲೆನ್ಸಿಂದು ತಗೋರಿ" ಅಂದರು.

ಖರೆ ಅನಿಸಿತು. ತಗೊಂಡೆ. (ಫೋನಿನಲ್ಲೇ ತೆಗೆಯಬಹುದಿತ್ತಲ್ಲ ಅನ್ನುತ್ತೀರಿ. ನನ್ನ ಫೋನಿನ ಸ್ಟೋರೇಜ್ ಫುಲ್. ದಿನಾ ಗುಡ್ ಮಾರ್ನಿಂಗ್ ಕಳಿಸುವ ಬೀಗರು ನಿಮಗಿಲ್ಲವೇ?)

ಈಗ ಗುಟ್ಟು ಹೇಳುತ್ತೇನೆ. ನನ್ನದೂ ನಮ್ಮ ಮನೆಯವರದೂ ನೌಕರಿ ಮುಧೋಳದಲ್ಲಿ. ಮದುವೆಯಾದಾಗಿನಿಂದ ಬನಹಟ್ಟಿಯ ಬಸ್ಸಿನಲ್ಲಿ ನಿಂತು ನಿಂತು ಕಾಲು ಸೋತಿವೆ. ಅಲ್ಲೇ ಒಂದು ಬಾಡಿಗೆ ಮನೆ ನೋಡಿದ್ದೆವು. ಅತ್ತೆಗೆ ಹೇಳಿರಲಿಲ್ಲ. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಧೈರ್ಯ ಬರುವುದರೊಳಗೆ ಮನೆ, ಮಗ್ಗ, ಅತ್ತೆ, ಮಾವ ಎಲ್ಲರನ್ನೂ ವಿಡಿಯೊ ಮಾಡಿಕೊಂಡುಬಿಡೋಣ, ಹೋದ ಮೇಲೆ ನೋಡುತ್ತ ಕೂರೋಣ ಅನ್ನುವುದು ನನ್ನ ಪ್ಲ್ಯಾನು. ಬಿಟ್ಟು ಹೋಗುವವರ ಪ್ರೀತಿಯೇ ಹೀಗೆ. ಬಾಯಿ ಬಿಡುವ ಮೊದಲು ಕ್ಯಾಮೆರಾ ಕೊಳ್ಳುತ್ತದೆ.

ನಾನು ಬೀಳಗಿಯವಳು, ಕಿರಾಣಿ ಅಂಗಡಿಯವರ ಮಗಳು. ಮಗ್ಗದ ಖಟಖಟದಲ್ಲಿ ನನಗೆ ನನ್ನ ಮಾತೇ ಕೇಳಿಸುವುದಿಲ್ಲ. ಈ ಮನೆಯವರಿಗೆ ಆ ಚಿಂತೆಯೇ ಇಲ್ಲ. ಅವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಖೋಲಿಯ ಆ ಕಡೆ ಮಾವ ತುಟಿ ಅಲ್ಲಾಡಿಸಿದರೆ ಈ ಕಡೆ ಅತ್ತೆ ಚಹಾ ಇಡಲು ಎದ್ದಿರುತ್ತಾರೆ. ನನಗೆ ಆ ವಿದ್ಯೆ ಇವತ್ತಿಗೂ ಹತ್ತಿಲ್ಲ.

ಈಚೆಗೆ ಅತ್ತೆಗೆ ದೂರದ್ದು ಮಸುಕು. ಮಾವ ಮಗ್ಗದ ಮೇಲೆ ಬಗ್ಗಿದರೆ ತಲೆ ಎತ್ತುವವರಲ್ಲ. ಹಾಗಾಗಿ ನಮ್ಮ ಗಂಡ ಹೆಂಡಿರ ಗುಟ್ಟಿನ ಮಾತೆಲ್ಲ ಮಗ್ಗದ ಖೋಲಿಯ ಕೊನೆಯ ಮೂಲೆಯಲ್ಲೇ. ನಾನು ತುಟಿ ಅಲ್ಲಾಡಿಸುವುದು, ಅವರು ನನ್ನ ಕಿವಿಯಲ್ಲಿ ಕೂಗುವುದು. ಇಡೀ ಮನೆಯಲ್ಲಿ ಅದಕ್ಕಿಂತ ಸೇಫ್ ಜಾಗ ಇರಲಿಲ್ಲ.

ರವಿವಾರ ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟು, ಅತ್ತೆ ಕಂಡಿಕೆಗೆ ನೂಲು ಸುತ್ತುವುದನ್ನು ತೆಗೆದೆ. ಸಂಜೆ ಎಲ್ಲರೂ ಟಿವಿಯ ಮುಂದೆ ಕೂತೆವು. ಖಟಖಟ ಬಿಟ್ಟು ಬೇರೇನೂ ಕೇಳಿಸದು. ತೆರೆಯ ಮೇಲೆ ಮಾವ ಏನೋ ಅಂದರು. ಅತ್ತೆ ಬಿದ್ದು ಬಿದ್ದು ನಕ್ಕರು.

"ನಿಮಗ ಹೆಂಗ ತಿಳೀತ್ರಿ, ಅತ್ಯಾರ?"

"ತುಟಿ ಕಾಣಾಕತ್ತಾವಲ್ಲ. ಈಗ ನನಗ ಹತ್ತರದಾಗ ನಿಂತೂ ಇಷ್ಟು ಛಲೋ ಕಾಣೂದಿಲ್ಲವಾ. ಭಾಳ ಛಲೋ ಕ್ಯಾಮೆರಾ ತಂದಿ."

ಉಬ್ಬಿಹೋದೆ. ಎಂಥ ಸೆಲೆಕ್ಷನ್ ನನ್ನದು!

ತೆರೆಯ ಮೇಲೆ ಅತ್ತೆ ಚಹಾ ಮಾಡಲು ಎದ್ದು ಹೋದರು. ಆಗ ಕ್ಯಾಮೆರಾ ಬಂದ್ ಮಾಡಲು ಮರೆತಿದ್ದೆ. ಎದುರಿಗೆ ಯಾರೂ ಇಲ್ಲದ್ದಕ್ಕೆ ಅದು ತಾನಾಗಿಯೇ ದೂರದ ಮೂಲೆಯನ್ನು ಫೋಕಸ್ ಮಾಡಿಕೊಂಡಿತ್ತು. ಮೂಲೆಯಲ್ಲಿ ನಾವಿಬ್ಬರು. ನನ್ನ ತುಟಿ, ಅಷ್ಟು ದೊಡ್ಡ ಟಿವಿಯಲ್ಲಿ, ನಿಚ್ಚಳವಾಗಿ.

ನಮ್ಮ ಮನೆಯವರು ರಿಮೋಟ್ ಹುಡುಕತೊಡಗಿದರು. ಅದು ಅತ್ತೆಯ ಮಡಿಲಲ್ಲಿತ್ತು.

ಅತ್ತೆ ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮುಧೋಳದಾಗ ಯಾವ ಓಣ್ಯಾಗ ಮನಿ ಹಿಡದೀರಿ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಿಡಲಿಲ್ಲ.

"ನಾ ಬ್ಯಾಡ ಅಂತಿದ್ನೇನು? ದಿನಾ ಬಸ್ಸಿನ್ಯಾಗ ಸೋತು ಬರೂದು ನನಗ ಕಾಣೂದಿಲ್ಲೇನು? ಮೂಲ್ಯಾಗ ನಿಂತು ಹೇಳೂವಂಥಾದ್ದು ಏನಿತ್ತು?"

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಮರುದಿನದಿಂದ ಡಬ್ಬಿಗಳಲ್ಲಿ ಖಾರಪುಡಿ, ಶೇಂಗಾ ಹಿಂಡಿ ತುಂಬಿಡತೊಡಗಿದರು. ಮಾತು ಮಾತ್ರ ಮೊದಲಿನಷ್ಟು ಆಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

ಟೆಂಪೊ ಹೊರಟ ದಿನ ಅತ್ತೆ ಮಗ್ಗದ ಖೋಲಿಯ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಮಗ್ಗಗಳು ಓಡುತ್ತಿದ್ದವು. ನಾನು ಕ್ಯಾಮೆರಾ ಎತ್ತಿದೆ. ಅವರು ನೇರವಾಗಿ ನನ್ನನ್ನು ನೋಡಿ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಅಷ್ಟು ದಿನ ಆಡದ ಮಾತೆಲ್ಲ ಅದರಲ್ಲೇ ಇತ್ತೋ ಏನೋ. ಹೇಳಿ ಮುಗಿಸಿ ಒಳಗೆ ಹೋದರು.

ಮುಧೋಳಕ್ಕೆ ಬಂದ ಮೇಲೆ ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿದೆ. ಹುಬ್ಬಿನ ಕೂದಲೆಲ್ಲ ಕಾಣುತ್ತವೆ. ಮಾತು ಒಂದೂ ತಿಳಿಯುವುದಿಲ್ಲ. ನಮ್ಮ ಮನೆಯವರನ್ನು ಕರೆದು ತೋರಿಸಿದೆ. ನೋಡಿದರು. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದರು.

"ಆರಾಮ ಇರ್ರಿ ಅಂದಾಳ."

"ಅಷ್ಟ?"

"ಅಷ್ಟ" ಅಂದವರು ಮುಖ ತೊಳೆಯಲು ಬಚ್ಚಲಿಗೆ ಹೋದರು.

ಮೈಕ್ ಛಲೋ ಇರುವ ಕ್ಯಾಮೆರಾ ಯಾವುದು, ನಿಮಗೆ ಯಾರಿಗಾದರೂ ಗೊತ್ತೇ?