ಪರದೆಯ ಮೇಲಿನ ಕೈಗಳು

ಬೆಟಗೇರಿಯ ನಮ್ಮ ಮನೆಯ ಕುಣಿಮಗ್ಗದಲ್ಲಿ ಒಂದು ಸಿನಿಮಾದ ಚಿತ್ರೀಕರಣ ನಡೆದಿತ್ತು. ಕಥೆಯ ನಾಯಕಿ ನೇಕಾರ ಹೆಂಗಸು. ಆ ಪಾತ್ರದ ನಟಿಗೆ ಅವ್ವ ನಮ್ಮ ಕಡೆಯ ಮಾತು ಕಲಿಸಿದಳು. ಲಾಳಿ ಹೊಡೆಯುವುದು ಮಾತ್ರ ಎಷ್ಟು ಕಲಿಸಿದರೂ ಬರಲಿಲ್ಲ. ಕೊನೆಗೆ ಬಾಗಿಲು ಮುಚ್ಚಿ, ನಟಿಯ ಬಳೆಗಳನ್ನು ಅವ್ವನಿಗೆ ತೊಡಿಸಿ, ಅವ್ವನ ಕೈಗಳನ್ನಷ್ಟೇ ಚಿತ್ರೀಕರಿಸಿದರು. ಯಾರ ಮುಂದೆಯೂ ಹೇಳಬೇಡಿ ಎಂದರು. ಮಾತು ಕೊಟ್ಟೆನೆಂದು ಅವ್ವ ಹೇಳಲೂ ಇಲ್ಲ.

ಈ ವರ್ಷ ಆ ನಟಿಗೆ ಪ್ರಶಸ್ತಿ ಬಂತು. ಸಮಾರಂಭವನ್ನು ಟಿವಿಯಲ್ಲಿ ನೋಡುತ್ತಿದ್ದೆವು. ಉತ್ತರ ಕರ್ನಾಟಕದ ಮಾತನ್ನು ಎಷ್ಟು ಸಹಜವಾಗಿ ಆಡಿದ್ದಾರೆಂದು ನಿರೂಪಕ ಹೊಗಳಿದ. ನನಗೆ ಮೈಯೆಲ್ಲ ಉರಿಯಿತು. ಅದೇ ಮಾತನ್ನು ನಮ್ಮವರು ಆಡಿದರೆ ಸಿನಿಮಾದವರಿಗೆ ಹಾಸ್ಯ, ಅವರು ಆಡಿದರೆ ಅಭಿನಯ. ನಟಿ ತನ್ನ ಕೂದಲು ಬಾಚಿದವರನ್ನೂ ನೆನೆದಳು. ಅವ್ವನ ಸುದ್ದಿಯೇ ಇಲ್ಲ.

ಅಷ್ಟರಲ್ಲಿ ಸಿನಿಮಾದ ಒಂದು ತುಣುಕು ತೋರಿಸಿದರು; ಪರದೆಯ ತುಂಬ ಅವ್ವನ ಕೈಗಳು ಬಂದವು. ಅವ್ವ ಗಾಬರಿಯಾದಳು.

“ಅಯ್ಯ, ಅಲ್ಲಿ ಎಳಿ ಕಡದೈತಿ ನೋಡು! ನಿಲ್ಲಿಸಬ್ಯಾಡ್ರಿ ಅಂದ್ರು, ಹಂಗ ನೇಯ್ಕೊಂತ ಹೋದೆ. ನೇಯೋ ಮಂದಿ ನೋಡಿದ್ರ ಏನಂದಾರು?”

ಕಡಿದ ಎಳೆಯನ್ನು ಕೂಡಿಸದೆ ಮುಂದಕ್ಕೆ ನೇಯುವುದು ನಮ್ಮಲ್ಲಿ ಮರ್ಯಾದೆಗೇಡು. ಅವ್ವನ ಕಣ್ಣಲ್ಲಿ ನೀರು ಬಂದಿತ್ತು.

“ಚಿಂತಿ ಮಾಡಬ್ಯಾಡ ಬೇ ಅವ್ವಾ,” ಸಮಾಧಾನಕ್ಕೆಂದು ಹೇಳಿಬಿಟ್ಟೆ, “ಅವು ನಿನ್ನ ಕೈ ಅಂತ ಯಾರಿಗೂ ಗೊತ್ತಾಗಂಗಿಲ್ಲ.”

ಅವ್ವ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.